ಸಹಿ ಹಾಕುವ ಕೈಗೆ ಒಂದು ಪಾಠ

(ಮಲ್ದಕಲ್‌ನಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಮತ್ತು ಅವರ ತಂದೆತಾಯಿಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿಯವರೆಗೆ ಓದಿದವರು. ಇಂಜಿನಿಯರರ ವೃತ್ತಿನೀತಿಯ ಬಗ್ಗೆ ಮಾತನಾಡಲು ನಮಗೇನು ಅಧಿಕಾರವೆಂದು ನೀವು ಕೇಳಬಹುದು. ನೀವು ಬರೆಯುವ ನಕ್ಷೆಯ ಕೆಳಗೆ ನಿಂತು ದುಡಿಯುವವರು ನಮ್ಮ ಜನ. ಅಷ್ಟೇ ನಮ್ಮ ಅಧಿಕಾರ. ಗುಂಪು ಮೇಸ್ತ್ರಿಯ ಹಿಂದೆ ಹೆಂಡತಿ ಮಕ್ಕಳೊಡನೆ ಊರೂರು ಅಲೆದು ಅಣೆಕಟ್ಟು, ಕಾಲುವೆಗಳನ್ನು ಕಟ್ಟಿದ ಪಾಲಮೂರು ಕೂಲಿಗಳು ಈ ಸೀಮೆಯವರೇ. ಅವರ ಮಕ್ಕಳು ಇಂದು ಇಂಜಿನಿಯರರಾಗುತ್ತಿದ್ದಾರೆ. ಇದು ಸಂತೋಷದ ಮಾತು. ಎಚ್ಚರದ ಮಾತೂ ಹೌದು.

ಕಾಲೇಜಿನಲ್ಲಿ ನೀತಿಯ ಪಾಠವೇ ಇಲ್ಲವೆಂದಲ್ಲ. ಪಕ್ಕದ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಮೂರನ್ನೂ ಕೂಡಿಸಿ ಒಂದು ಕ್ರೆಡಿಟ್ಟಿನ ವಿಷಯವಾಗಿ ಇಟ್ಟಿದ್ದರು. 1920ರಲ್ಲಿ ಸ್ಥಾಪನೆಯಾದ ಭಾರತದ ಇಂಜಿನಿಯರುಗಳ ಸಂಸ್ಥೆಗೂ ನೀತಿಸಂಹಿತೆಯುಂಟು. ತನ್ನ ವಿದ್ಯೆಯನ್ನು ಜನರ ಕ್ಷೇಮ, ಆರೋಗ್ಯ, ಸುರಕ್ಷತೆಗೆ ಬಳಸಬೇಕೆಂಬುದು ಅದರ ಮುಖ್ಯ ಮಾತು. ಆದರೆ ಆ ‘ಜನ’ ಯಾರು? ಮುಂದೆ ಸೇತುವೆ ದಾಟುವವರು ಮಾತ್ರವೇ? ಸೇತುವೆ ಕಟ್ಟುವಾಗ ಅದರ ಕೆಳಗೆ ನಿಂತಿರುವ ಕೂಲಿಯವನೇ ಮೊದಲನೆಯ ಜನ. ಪಾಠ ಅವನಿಂದ ಆರಂಭವಾಗಬೇಕು.

ನಮ್ಮ ಕೃಷ್ಣೆಯನ್ನೇ ನೋಡಿರಿ. 2020ರ ಆಗಸ್ಟ್ 20ರ ರಾತ್ರಿ ಶ್ರೀಶೈಲದ ಎಡದಂಡೆಯ ನೆಲದಡಿಯ ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಇಂಜಿನಿಯರರು. 2025ರ ಫೆಬ್ರವರಿ 22ರಂದು ಅದೇ ಜಲಾಶಯದ ನೀರು ಒಯ್ಯಲು ಕೊರೆಯುತ್ತಿದ್ದ ಸುರಂಗ ದೋಮಲಪೆಂಟದ ಬಳಿ ಕುಸಿಯಿತು. ಇಬ್ಬರು ಇಂಜಿನಿಯರರು, ಇಬ್ಬರು ಯಂತ್ರ ನಡೆಸುವವರು, ನಾಲ್ವರು ಕೂಲಿಗಳು ಒಳಗೆ ಸಿಕ್ಕಿಬಿದ್ದರು. ಮಾರ್ಚಿನಲ್ಲಿ ಇಬ್ಬರ ಶವ ದೊರೆಯಿತು. ಮಣ್ಣು ಕುಸಿಯುವಾಗ ಡಿಗ್ರಿ ಕೇಳುವುದಿಲ್ಲ. ಸುರಕ್ಷತೆ ಇಂಜಿನಿಯರನು ಕೂಲಿಗೆ ಕೊಡುವ ದಾನವಲ್ಲ. ಇಬ್ಬರ ಜೀವವೂ ಅದರಲ್ಲಿದೆ.

ಇನ್ನು ನಮ್ಮದೇ ಒಂದು ಸಂಗತಿ ಹೇಳುತ್ತೇವೆ. ಹಿಂದೆ ಒಂದು ಕಾಲುವೆಯ ಲೈನಿಂಗ್ ಕೆಲಸದಲ್ಲಿ ನಾವಿದ್ದೆವು. ಮರಳಿನಲ್ಲಿ ಮಣ್ಣು, ಸಿಮೆಂಟು ಕಡಿಮೆ. ಸಂಜೆ ಜೀಪಿನಲ್ಲಿ ಬಂದ ಎಳೆಯ ಇಂಜಿನಿಯರನು ಕಾಲಿನಿಂದ ಕಾಂಕ್ರೀಟನ್ನು ಒತ್ತಿ ನೋಡಿದನು. ಅವನಿಗೆ ತಿಳಿಯಿತು. ಆದರೂ ಅಳತೆ ಪುಸ್ತಕಕ್ಕೆ ಸಹಿ ಹಾಕಿದನು. ಮೊದಲ ಸಲ ನೀರು ಬಿಟ್ಟಾಗಲೇ ಚಪ್ಪಡಿಗಳು ಜಾರಿದವು. ಅವನು ಕೆಟ್ಟವನಲ್ಲ. ಹೇಗೆ ‘ಆಗದು’ ಎನ್ನಬೇಕು, ಯಾರಿಗೆ ಬರೆಯಬೇಕು ಎಂಬುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ನಾವಾದರೂ ಬಾಯಿ ಬಿಟ್ಟೆವೇ? ಇಲ್ಲ. ಎರಡು ವಾರದ ಕೂಲಿ ಬಾಕಿಯಿತ್ತು. ಆ ಮೌನದಲ್ಲಿ ನಮ್ಮ ಪಾಲೂ ಇದೆ.

ಆದುದರಿಂದ ಅಧ್ಯಾಪಕರಲ್ಲಿ ಮೂರು ಬಿನ್ನಹ. ಮೊದಲನೆಯದು, ವಿದ್ಯಾರ್ಥಿಗಳನ್ನು ಒಂದು ವಾರ ಕೂಲಿಗಳೊಡನೆ ಕೂಡಿಸಿರಿ. ಇಲ್ಲಿ ಯಾವುದಕ್ಕೆ ಹೆದರುತ್ತೀರಿ ಎಂದು ಕೇಳಲಿ. ಎರಡನೆಯದು, ಪರೀಕ್ಷೆಯಲ್ಲಿ ಸಂಹಿತೆಯನ್ನು ಬಾಯಿಪಾಠ ಬರೆಸಬೇಡಿರಿ. ಅಳತೆ ಪುಸ್ತಕದ ಒಂದು ಪುಟ ಕೊಟ್ಟು, ಸಹಿ ಹಾಕುವೆಯೋ ಇಲ್ಲವೋ, ಏಕೆ ಎಂದು ಕೇಳಿರಿ. ಮೂರನೆಯದು, ಆಕ್ಷೇಪಣೆಯನ್ನು ದಿನಾಂಕ ಹಾಕಿ ಬರಹದಲ್ಲಿ ಕೊಡುವುದನ್ನು ಅಭ್ಯಾಸ ಮಾಡಿಸಿರಿ. ಭೋಪಾಲದಲ್ಲಿ 1984ರಲ್ಲಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ ಫ್ಯಾಕ್ಟರಿ ಕಾಯ್ದೆಯನ್ನು ತಿದ್ದಿ, ಸುರಕ್ಷತೆಯ ಮಾಹಿತಿ ಪಡೆಯುವ ಹಕ್ಕನ್ನು ಕಾರ್ಮಿಕನಿಗೆ ಬರೆದುಕೊಟ್ಟರು. ಅವನು ಕೇಳಿದಾಗ ನಿಜ ಹೇಳುವ ಇಂಜಿನಿಯರನು ಬೇಡವೇ?

ತಂದೆತಾಯಿಗಳೇ, ನಿಮಗೂ ಒಂದು ಮಾತು. ಸಾಲ ಮಾಡಿ ಓದಿಸಿದ್ದೀರಿ. ನಾಳೆ ಮಗನೋ ಮಗಳೋ ಸಹಿ ಹಾಕದೆ ಕೆಲಸ ಕಳೆದುಕೊಂಡು ಮನೆಗೆ ಬಂದರೆ ‘ಸುಮ್ಮನಿರಬಾರದಿತ್ತೇ’ ಎನ್ನಬೇಡಿರಿ. ಊಟಕ್ಕೆ ಬಡಿಸಿರಿ. ಸಂಘದವರಾದ ನಾವೂ ಅವರ ಬೆನ್ನಿಗೆ ನಿಲ್ಲಬೇಕು. ಒಬ್ಬನನ್ನೇ ನಿಲ್ಲಿಸಿ ಧೈರ್ಯ ಹೇಳುವುದು ಸುಲಭ.

ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕು, ಇಲ್ಲದೆ ಯಾರಾದರೂ ಬಿದ್ದರೆ ರಕ್ತಾಪರಾಧ ಆ ಮನೆಯ ಮೇಲೆ ಬರುತ್ತದೆ ಎಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ. ಮಾಳಿಗೆಯ ಮನೆಗಳಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳೇ, ಸಹಿ ಹಾಕುವ ಮುನ್ನ ಸುತ್ತುಗೋಡೆ ಇದೆಯೇ ಎಂದು ಒಮ್ಮೆ ನೋಡಿರಿ. ಮೇಲೆ ಮಲಗಿರುವವರು ನಿಮ್ಮ ಅಪ್ಪ ಅಮ್ಮನೇ ಆಗಿರಬಹುದು.