ಸರಪಳಿ ಬೇಡ, ಔಷಧಿ ಬೇಕು



ಜ್ವರ ಬಂದರೆ ನಾವು ಆಸ್ಪತ್ರೆಗೆ ಹೋಗ್ತೀವಿ. ಮನಸ್ಸಿಗೆ ಕಾಯಿಲೆ ಬಂದರೆ?

ನಿದ್ದೆ ಬರೋದಿಲ್ಲ. ಊಟ ಸೇರೋದಿಲ್ಲ. ಯಾರೋ ಕಿವಿಯಲ್ಲಿ ಮಾತಾಡಿದ ಹಾಗೆ ಆಗ್ತದೆ. ಬಾಣಂತಿ ಕೂಸನ್ನು ಮುಟ್ಟದೆ ಸುಮ್ಮನೆ ಅಳ್ತಾ ಕೂರ್ತಾಳೆ. ಆಗ ನಾವು ಏನಂತೀವಿ? ಗಾಳಿ ಸೋಕಿದೆ ಅಂತೀವಿ. ದೆವ್ವ ಮೆಟ್ಟಿದೆ ಅಂತೀವಿ. ತಾಯಿತ ಕಟ್ಟಿಸ್ತೀವಿ. ದೇವರಿಗೆ ಹರಕೆ ಹೊತ್ತುಕೊಳ್ಳಿ, ನಾವು ಬೇಡ ಅನ್ನೋದಿಲ್ಲ. ಆದರೆ ಬೇವಿನ ಬರಲಲ್ಲಿ ಹೊಡೆಸಬೇಡಿ. ಕಂಬಕ್ಕೆ ಕಟ್ಟಬೇಡಿ.

ಕಟ್ಟಿದರೆ ಏನಾಗ್ತದೆ ಅಂತ ಕೇಳ್ತೀರಾ? ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ ಏರ್ವಾಡಿ ಅಂತ ಒಂದು ಊರಿದೆ. ಅಲ್ಲಿ ಹೆಸರಾದ ದರ್ಗಾ ಇದೆ. ಅಲ್ಲಿದ್ದರೆ ಮನಸ್ಸಿನ ಕಾಯಿಲೆ ವಾಸಿ ಆಗ್ತದೆ ಅಂತ ದೂರದಿಂದ ಜನ ಬರ್ತಾರೆ. ಎಲ್ಲ ಧರ್ಮದವರೂ ಬರ್ತಾರೆ. ದರ್ಗಾದ ಸುತ್ತಮುತ್ತ ಕೆಲವರು ಗುಡಿಸಲು ಹಾಕಿದ್ದರು. ದುಡ್ಡು ತಗೊಂಡು ಕಾಯಿಲೆಯವರನ್ನು ಇಟ್ಟುಕೊಳ್ತಿದ್ದರು. ಓಡಿಹೋಗಬಾರದು ಅಂತ ಸರಪಳಿ ಹಾಕ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಇದ್ದವರು ಓಡೋದು ಹೇಗೆ? 28 ಜನ ಸತ್ತುಹೋದರು.

ಹೆತ್ತವರು ಅವರನ್ನು ಅಲ್ಲಿ ಬಿಟ್ಟುಬಂದದ್ದು ಸಾಯಲಿ ಅಂತ ಅಲ್ಲ. ವಾಸಿ ಆಗಲಿ ಅಂತಲೇ. ಈ ಮಾತನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗ್ತದೆ.

ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. ಆಗ ಕಾಯಿದೆ ಇರಲಿಲ್ಲವೇ? ಇತ್ತು. ಬ್ರಿಟಿಷರು 1912ರಲ್ಲಿ ಒಂದು ಕಾಯಿದೆ ಮಾಡಿದ್ದರು. ಅದರ ಹೆಸರೇ ಹುಚ್ಚರ ಕಾಯಿದೆ! ಹಿಡಿದು ಒಳಗೆ ಇಡೋದೇ ಅದರ ದೊಡ್ಡ ಮಾತು. ನಮ್ಮ ಸರ್ಕಾರ 1987ರಲ್ಲಿ ಬೇರೆ ಕಾಯಿದೆ ಮಾಡಿತು. ಅದು ಜಾರಿಗೆ ಬಂದದ್ದು 1993ರಲ್ಲಿ. ಅದರಲ್ಲೂ ಆಸ್ಪತ್ರೆಗೆ ಸೇರಿಸೋ ಮಾತೇ ಹೆಚ್ಚು. ಕಾಯಿಲೆಯವರ ಹಕ್ಕಿನ ಮಾತು ಕಡಿಮೆ.

2017ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿತು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅಂತ ಅದರ ಹೆಸರು. 2018ರ ಮೇ 29ರಿಂದ ಅದು ಜಾರಿಯಲ್ಲಿದೆ. ಇದು ನಿಮಗೆ ಗೊತ್ತಿರಲೇಬೇಕು.

ಸರಪಳಿ ಹಾಕೋದು ಈಗ ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ದುಡ್ಡಿಲ್ಲದೆ ಚಿಕಿತ್ಸೆ ಕೊಡಬೇಕು. ಬಿಪಿಎಲ್ ಕಾರ್ಡು ಇದ್ದರೂ ಸರಿ, ಇಲ್ಲದಿದ್ದರೂ ಸರಿ. "ಕಾರ್ಡು ತಂದಿಲ್ಲ, ಹೋಗಮ್ಮ" ಅಂತ ಕಳಿಸೋ ಹಾಗಿಲ್ಲ. ಬೀದಿಯಲ್ಲಿ ಅಲೆಯುವ ಕಾಯಿಲೆಯವರನ್ನು ಪೊಲೀಸರು ಲಾಕಪ್ಪಿಗೆ ಹಾಕಬಾರದು, 24 ಗಂಟೆಯೊಳಗೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು.

ಹೆಂಗಸರ ಮಾತಿಗೆ ಬರೋಣ. ಆಸ್ಪತ್ರೆಗೆ ಸೇರಿದ ಹೆಂಗಸಿನ ತಲೆ ಬೋಳಿಸೋ ಹಾಗಿಲ್ಲ. ಮುಟ್ಟಾದಾಗ ಬೇಕಾದ ಬಟ್ಟೆ, ಪ್ಯಾಡು ಕೊಡಬೇಕು. ಮೂರು ವರ್ಷದೊಳಗಿನ ಮಗು ಇದ್ದರೆ ತಾಯಿಯಿಂದ ಸುಮ್ಮನೆ ಅಗಲಿಸಬಾರದು. ಮಗುವಿಗೆ ಅಪಾಯ ಇದೆ ಅಂತ ಡಾಕ್ಟರು ಹೇಳಿದರೆ ಮಾತ್ರ ಬೇರೆ ಇಡಬಹುದು.

ಇನ್ನೊಂದು ಮಾತು. ಗಂಡನಿಗೆ ಎದುರು ಮಾತಾಡಿದರೆ "ಹುಚ್ಚಿ" ಅಂತಾರೆ. ಆಸ್ತಿ ಕೇಳಿದರೂ "ಹುಚ್ಚಿ" ಅಂತಾರೆ. ಮನೆಯವರ ಮಾತು ಕೇಳಲಿಲ್ಲ, ಊರಿನ ರೀತಿಗೆ ಹೊಂದಲಿಲ್ಲ ಅಂತ ಯಾರನ್ನೂ ಕಾಯಿಲೆಯವರು ಅಂತ ತೀರ್ಮಾನ ಮಾಡಬಾರದು. ಕಾಯಿದೆಯೇ ಹೀಗೆ ಹೇಳ್ತದೆ. ಹಿಂದೆ ಯಾವಾಗಲೋ ಮಾತ್ರೆ ತಗೊಂಡಿದ್ದಳು ಅಂತಲೂ ಹಣೆಪಟ್ಟಿ ಹಚ್ಚೋ ಹಾಗಿಲ್ಲ.

ಸಾಯಲು ಹೋಗಿ ಬದುಕಿ ಉಳಿದವರ ಮೇಲೆ ಮೊದಲು ಪೊಲೀಸ್ ಕೇಸು ಆಗ್ತಿತ್ತು. ಆ ಹೆದರಿಕೆಗೇ ವಿಷ ಕುಡಿದದ್ದನ್ನು ಮುಚ್ಚಿಡ್ತಿದ್ದರು. ಈಗ ಹಾಗಲ್ಲ. ಅಂಥವರು ತುಂಬಾ ಸಂಕಟದಲ್ಲಿ ಇದ್ದರು ಅಂತ ತಿಳಿದು ಸರ್ಕಾರ ಆರೈಕೆ ಮಾಡಬೇಕು. ಮುಚ್ಚಿಡದೆ ತಕ್ಷಣ ಆಸ್ಪತ್ರೆಗೆ ಓಡಿ.

ಕುಡಿತದ ಮಾತು ನೀವೇ ಕೇಳ್ತೀರಿ ಅಂತ ನಮಗೆ ಗೊತ್ತು. ಹೆಂಡ, ಗಾಂಜಾದ ಚಟದಿಂದ ಬರುವ ಮನಸ್ಸಿನ ತೊಂದರೆಯೂ ಈ ಕಾಯಿದೆಯಲ್ಲಿ ಸೇರಿದೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ಟು ಹೋಯಿತು. ಕುಡಿತ ಹೋಯಿತೇ? ಅಂಗಡಿ ಮುಚ್ಚಿಸಿದರೆ ಸಾಲದು. ಚಟ ಹತ್ತಿದವನಿಗೆ ಚಿಕಿತ್ಸೆಯೂ ಬೇಕು. ದಿನಾ ಕುಡಿಯೋನು ಒಮ್ಮೆಗೇ ಬಿಟ್ಟರೆ ಕೈ ನಡುಗ್ತದೆ. ಫಿಟ್ಸ್ ಬರಬಹುದು. ಇಲ್ಲದ್ದು ಕಂಡ ಹಾಗೆ ಬಡಬಡಿಸಬಹುದು. ಜೀವಕ್ಕೂ ಅಪಾಯ. ಅದಕ್ಕೇ ಕೋಣೆಯಲ್ಲಿ ಕೂಡಿಹಾಕಿ ಬಿಡಿಸ್ತೀವಿ ಅನ್ನಬೇಡಿ. ಸಾರಿನಲ್ಲಿ ಗುಟ್ಟಾಗಿ ಕಲಸೋ ಪುಡಿಯನ್ನೂ ತರಬೇಡಿ. ಕೆಲವು ಔಷಧಿ ಕುಡಿತದ ಜೊತೆ ಸೇರಿದರೆ ಪ್ರಾಣ ಹೋಗಬಹುದು. ಹಾಗಂತ ಚಟ ಕಾಯಿಲೆ ಅಂದ ಮಾತ್ರಕ್ಕೆ ಹೆಂಡತಿಗೆ ಹೊಡೆಯೋಕೆ ಲೈಸೆನ್ಸು ಸಿಕ್ಕಿತು ಅಂತಲ್ಲ! ಅದನ್ನು ತಡೆಯೋಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಬೇರೆ ಇದೆ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಾ? ಬೇಡ. 1980ರ ದಶಕದಲ್ಲಿ ನಿಮ್ಹಾನ್ಸ್ ಆಸ್ಪತ್ರೆಯವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ಮಾಡಿ ತೋರಿಸಿದರು. ಹಳ್ಳಿ ಆಸ್ಪತ್ರೆಯ ಡಾಕ್ಟರಿಗೇ ತರಬೇತಿ ಕೊಟ್ಟು, ಅಲ್ಲೇ ಔಷಧಿ ಸಿಗೋ ಹಾಗೆ ಮಾಡಿದರು. ನಮ್ಮ ಬಳ್ಳಾರಿಯನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಕಾಯಿದೆ ಬಂದ ಕೂಡಲೇ ಎಲ್ಲ ಸರಿ ಹೋಗಲಿಲ್ಲ. ಮನೋವೈದ್ಯರು ಸಾಲದು. ಔಷಧಿ ಮುಗಿದಿದೆ ಅನ್ನೋ ಮಾತೂ ಕೇಳ್ತೀವಿ. ಹಾಗಂತ ಸುಮ್ಮನೆ ವಾಪಸು ಬರಬೇಡಿ. ಇಲ್ಲಿ ಇಲ್ಲದಿದ್ದರೆ ಎಲ್ಲಿ ಸಿಗ್ತದೆ, ಯಾವ ದಿನ ಡಾಕ್ಟರು ಬರ್ತಾರೆ ಅಂತ ಕೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ. ಈಗ ನಿಮಗೆ ಓದೋಕೆ ಬರ್ತದಲ್ಲ! ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರಕೊಂಡು ಹೋಗಿ. ವಕೀಲರು ಬೇಕಾದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿ ದುಡ್ಡಿಲ್ಲದೆ ಕೊಡ್ತದೆ.

2022ರ ಅಕ್ಟೋಬರಿನಿಂದ ಒಂದು ಫೋನು ನಂಬರೂ ಇದೆ. ಟೆಲಿ ಮಾನಸ್ ಅಂತ ಅದರ ಹೆಸರು. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಿ. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಸ್ಲೇಟು ತೆಗೆದುಕೊಳ್ಳಿ, ಎಲ್ಲರೂ ಒಟ್ಟಿಗೆ ಬರೆಯೋಣ: 14416.