ಫಿಟ್‌ನೆಸ್ ಬ್ಯಾಂಡ್: ಕಂಪನಿ ಬದಲಿಸುವ ಮುನ್ನ

ಹೆಜ್ಜೆ, ಹೃದಯಬಡಿತ, ನಿದ್ದೆಗಳ ಲೆಕ್ಕ ಇಡುವ ಫಿಟ್‌ನೆಸ್ ಬ್ಯಾಂಡ್ ಈಗ ಬೆಳಗಿನ ವಾಕಿಂಗ್ ಹೊರಟ ಅಜ್ಜಂದಿರ ಕೈಯಲ್ಲೂ ಕಾಣುತ್ತದೆ. ಅದು ಕೆಟ್ಟು ನಿಂತಿತೆನ್ನಿ. ಸಹಾಯವಾಣಿಗೆ ಫೋನ್ ಮಾಡುತ್ತೀರಿ. ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ರೀಸೆಟ್ ಮಾಡಿ ಅನ್ನುತ್ತಾರೆ. ಬಿಲ್ಲಿನ ಫೋಟೊ ಕಳಿಸಿ, ವಿಡಿಯೊ ಕಳಿಸಿ ಅನ್ನುತ್ತಾರೆ. ಮರುದಿನ ಫೋನ್ ಎತ್ತುವವರು ಬೇರೆಯವರು. ಕಥೆ ಮತ್ತೆ ಮೊದಲಿಂದ. ಕೊನೆಗೆ ಒಂದು ಸಾಲಿನ ಉತ್ತರ: ‘ಒಳಗೆ ನೀರು ಹೋಗಿದೆ, ವಾರಂಟಿ ಅನ್ವಯಿಸುವುದಿಲ್ಲ.’ ಈ ಕಂಪನಿಯ ಸಹವಾಸವೇ ಸಾಕು ಎಂದು ಬೇರೆ ಬ್ರ್ಯಾಂಡಿನ ಕಡೆ ಹೊರಡುತ್ತೀರಿ. ಹಗಲು ಕಂಡ ಬಾವಿಗೆ ಇರುಳು ಬೀಳಬಾರದಲ್ಲ. ಅದಕ್ಕಾಗಿ ಕೆಲವು ಮಾತು.

ಮೊದಲು ಈ ನೀರಿನ ತಕರಾರು. ಪೆಟ್ಟಿಗೆಯ ಮೇಲೆ 5 ಎಟಿಎಂ, 50 ಮೀಟರ್ ಎಂದು ಬರೆದಿರುತ್ತದೆ. ಅದು ಹೊಸ ಬ್ಯಾಂಡು ನಿಂತ ನೀರಿನ ಎಷ್ಟು ಒತ್ತಡ ತಡೆಯುತ್ತದೆ ಎಂಬ ಅಳತೆ. ಬಚ್ಚಲಿನ ಬಿಸಿನೀರು, ಸೋಪು, ಹಬೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಒಳಗಿನ ರಬ್ಬರ್ ಸೀಲು ಇವಕ್ಕೆಲ್ಲ ಸಿಕ್ಕಿ ಬೇಗ ಸಡಿಲವಾಗುತ್ತದೆ. ಸಾಮಾನ್ಯವಾಗಿ ಬ್ಯಾಂಡನ್ನು ಅಂಟು ಹಾಕಿ ಮುಚ್ಚಿರುವುದರಿಂದ ಬಿಚ್ಚಿ ರಿಪೇರಿ ಮಾಡುವುದೂ ಕಷ್ಟ. ಕಂಪನಿಯ ಮುಂದೆ ಉಳಿಯುವುದು ಎರಡೇ ದಾರಿ: ಪೂರ್ತಿ ಬದಲಿಸಿಕೊಡುವುದು, ಇಲ್ಲವೆ ಆಗುವುದಿಲ್ಲ ಎನ್ನುವುದು. ವಾದ ಅಷ್ಟು ಎಳೆದಾಡುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಬ್ಯಾಂಡು ಕೆಲಸ ಮಾಡುವುದು ಕಂಪನಿಯ ಆ್ಯಪ್ ಮತ್ತು ಸರ್ವರ್‌ಗಳ ಬಲದ ಮೇಲೆ. ಅವು ನಿಂತರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಅಮೆರಿಕದ ಪೆಬಲ್ ವಾಚ್ 2012ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಜನರಿಂದಲೇ ಒಂದು ಕೋಟಿ ಡಾಲರ್‌ಗೂ ಹೆಚ್ಚು ಮುಂಗಡ ಎತ್ತಿತ್ತು. 2016ರ ಡಿಸೆಂಬರಿನಲ್ಲಿ ಕಂಪನಿ ಬಾಗಿಲು ಹಾಕಿತು. ಅದರ ಸಾಫ್ಟ್‌ವೇರನ್ನು ಬ್ಯಾಂಡ್ ತಯಾರಿಸುತ್ತಿದ್ದ ಫಿಟ್‌ಬಿಟ್ ಕಂಪನಿ ಕೊಂಡಿತು, ಆದರೆ ಗ್ರಾಹಕರ ವಾರಂಟಿ ಅಲ್ಲಿಗೇ ಮುಗಿಯಿತು. 2018ರ ಜೂನ್ 30ಕ್ಕೆ ಸರ್ವರ್‌ಗಳೂ ನಿಂತವು. ವಾಚ್ ಗಟ್ಟಿಮುಟ್ಟಾಗಿಯೇ ಇತ್ತು. ಅದರ ಹಿಂದೆ ನಿಲ್ಲುವವರು ಇರಲಿಲ್ಲ. ಆ ಫಿಟ್‌ಬಿಟ್ ಕೂಡ 2021ರ ಜನವರಿಯಲ್ಲಿ ಗೂಗಲ್ ಪಾಲಾಯಿತು. ಹಾಗಾಗಿ ಬ್ಯಾಂಡ್ ಆರಿಸುವಾಗ ನಾವು ನಿಜಕ್ಕೂ ಆರಿಸುವುದು ಕಂಪನಿಯನ್ನು.

ಕೋಪ ಬಂತೆಂದು ಹಳೆಯದನ್ನು ಡ್ರಾಯರಿಗೆ ಎಸೆಯುವ ಮುನ್ನ ನಿಮ್ಮ ಹಕ್ಕು ಕೇಳಿ. ದೂರನ್ನು ಬರವಣಿಗೆಯಲ್ಲೇ ಕೊಡಿ. ಬಿಲ್ಲು, ಸೀರಿಯಲ್ ನಂಬರು, ದೂರಿನ ಸಂಖ್ಯೆ ಜೋಪಾನವಾಗಿಡಿ. ಅಷ್ಟಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದರ ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ಬೀದರಿನವರು ಬೀದರಿನಲ್ಲೇ ಕೇಳಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಕಾಲಮಿತಿ 2 ವರ್ಷ. ಬೇಸತ್ತು ಸುಮ್ಮನೆ ಎದ್ದುಹೋಗುವ ಗಿರಾಕಿಯಿಂದ ಕಂಪನಿಗೆ ತಲೆನೋವಿಲ್ಲ. ದೂರು ದಾಖಲಿಸಿದವರಿಗೆ ಅದು ಉತ್ತರ ಕೊಡಬೇಕಾಗುತ್ತದೆ.

ಬದಲಿಸುವುದೇ ನಿಶ್ಚಯವಾದರೆ, ಹಳೆಯ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಮಾಹಿತಿ ಇಳಿಸಿಕೊಳ್ಳುವ ಸೌಲಭ್ಯ ಇದೆಯೇ ನೋಡಿ. ಖಾತೆ ಅಳಿಸುವುದು ಅದಾದ ಮೇಲೆ. ಹೊಸ ಬ್ಯಾಂಡಿನ ಅಂಕಿಗಳು ಹಳೆಯದಕ್ಕೆ ತಾಳೆಯಾಗದಿದ್ದರೆ ಗಾಬರಿ ಬೇಡ. ಬ್ಯಾಂಡು ಹೆಜ್ಜೆಯನ್ನು ಕಾಲಿನಿಂದ ಎಣಿಸುವುದಿಲ್ಲ, ಮಣಿಕಟ್ಟಿನ ಅಲುಗಾಟದಿಂದ ಊಹಿಸುತ್ತದೆ. ಬಟ್ಟೆ ಕುಕ್ಕುವ ಕೈಯನ್ನು ಅದು ನಡಿಗೆ ಎಂದುಕೊಳ್ಳಬಹುದು. ಕೈಗಾಡಿ ತಳ್ಳುತ್ತ ಊರೆಲ್ಲ ಸುತ್ತಿದವರ ಹೆಜ್ಜೆಯನ್ನು ಬಿಟ್ಟೇಬಿಡಬಹುದು. ಹೃದಯಬಡಿತಕ್ಕೆ ಹಸಿರು ಬೆಳಕು ಹಾಯಿಸಿ, ಚರ್ಮದಡಿಯ ರಕ್ತ ಅದನ್ನು ಎಷ್ಟು ಹೀರಿತೆಂದು ಅಳೆಯುತ್ತದೆ. ಕ್ಯಾಲೊರಿಯಾಗಲಿ ಗಾಢನಿದ್ದೆಯಾಗಲಿ ಅಂದಾಜೇ, ಒಂದೊಂದು ಕಂಪನಿಗೆ ಒಂದೊಂದು ಸೂತ್ರ. ಅದಕ್ಕೇ ಮೊದಲ ಕೆಲವು ವಾರ ಹೊಸ ಬ್ಯಾಂಡನ್ನು ಅದರದೇ ಅಂಕಿಗಳ ಜೊತೆ ಹೋಲಿಸಿ. ಎದೆನೋವೋ ತಲೆಸುತ್ತೋ ಇದ್ದರೆ ಮಾತ್ರ ಬ್ಯಾಂಡ್ ಏನೇ ಹೇಳಲಿ, ವೈದ್ಯರ ಹತ್ತಿರ ಹೋಗಿ.

ಇನ್ನು ಹೊಸದರ ಆಯ್ಕೆ. ನಿಮ್ಮ ಊರಿನಲ್ಲಿ ಅಥವಾ ಪಕ್ಕದ ಊರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ ವಿಚಾರಿಸಿ. ಚಾರ್ಜರ್ ಕೆಟ್ಟರೆ ಬಿಡಿಯಾಗಿ ಸಿಗುತ್ತದೆಯೇ ಕೇಳಿ. ಅನೇಕ ಬ್ಯಾಂಡುಗಳ ಚಾರ್ಜರ್ ಬೇರೆಯದಕ್ಕೆ ಹೊಂದುವುದಿಲ್ಲ. ಎಲ್ಲ ಮಾಹಿತಿ ನೋಡಲು ತಿಂಗಳ ಚಂದಾ ಕಟ್ಟಬೇಕೇ ತಿಳಿದುಕೊಳ್ಳಿ. ಅಮೆರಿಕದಿಂದ ಮಗಳು ತಂದುಕೊಟ್ಟ ಬ್ಯಾಂಡಾದರೆ, ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂಬುದನ್ನೂ ನೋಡಿ. ಎಷ್ಟೋ ಕಂಪನಿಗಳು ಮಾರಿದ ದೇಶದಲ್ಲಷ್ಟೇ ಅದನ್ನು ಒಪ್ಪುತ್ತವೆ.

ಕೊನೆಯದಾಗಿ ಖರ್ಚಿಲ್ಲದ ಒಂದು ಪರೀಕ್ಷೆ. ನಮ್ಮ ದೇಶದ ನಿಯಮದಂತೆ ಪೊಟ್ಟಣದ ಮೇಲೆ ಗ್ರಾಹಕರ ದೂರಿಗೆ ಫೋನ್ ನಂಬರು, ಇಮೇಲ್ ವಿಳಾಸ ಕೊಟ್ಟಿರಲೇಬೇಕು. ಕೊಳ್ಳುವ ಮುನ್ನವೇ ಆ ನಂಬರಿಗೆ ಫೋನ್ ಮಾಡಿ, ‘ಕೆಟ್ಟರೆ ದಾವಣಗೆರೆಯಿಂದ ಎಲ್ಲಿಗೆ ಕಳಿಸಬೇಕು, ಎಷ್ಟು ದಿನ ಹಿಡಿಯುತ್ತದೆ?’ ಎಂದು ಕೇಳಿ. ಹಣ ಕೊಡುವ ಮುನ್ನವೇ ಸರಿಯಾಗಿ ಉತ್ತರಿಸದವರು ಹಣ ಎಣಿಸಿಕೊಂಡ ಮೇಲೆ ಉತ್ತರಿಸಿಯಾರೆಂದು ನಂಬುವುದು ಬೇಡ.