ಪಾಸ್‌ವರ್ಡ್ ಯಾರ ಕೈಯಲ್ಲಿ?
(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಇನ್ನು ಮುಂದೆ ಆನ್‌ಲೈನ್ ಪತ್ರಿಕೆ ಮಾಡೋಣ, ಬರಹದ ಜೊತೆ ಫೋಟೋ, ವಿಡಿಯೋ, ಧ್ವನಿ ಸಂದರ್ಶನ ಎಲ್ಲವೂ ಇರಲಿ ಎಂದು ನಮ್ಮ ಹುಡುಗರು ಕೇಳಿದ್ದಾರೆ. ಈ ಬಗ್ಗೆ ನಾಲ್ಕು ಮಾತು ಹೇಳಲು ಪೂಜ್ಯರು ಅಪ್ಪಣೆ ಕೊಟ್ಟರು. ನಾನು ಪತ್ರಕರ್ತನಲ್ಲ, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಆದರೆ ವಿದ್ಯಾರ್ಥಿ ಪತ್ರಿಕೆ ಎಂದರೇನು ಎಂಬುದು ನನಗೆ ತಿಳಿದದ್ದು ನನ್ನ ವಿಷಯದ ಮೂಲಕವೇ.

2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿ 32 ಜನರನ್ನು ಕೊಂದ. ಅವರಲ್ಲಿ ಒಬ್ಬರು ನಮ್ಮ ನೆರೆಯ ತಮಿಳುನಾಡಿನಿಂದ ಹೋಗಿದ್ದ ಪ್ರೊಫೆಸರ್ ಜಿ. ವಿ. ಲೋಗನಾಥನ್. ಜಲವಿಜ್ಞಾನದ ಪಾಠ ಮಾಡುತ್ತಿದ್ದ ಕೋಣೆಯಲ್ಲೇ ಅವರು ಪ್ರಾಣ ಬಿಟ್ಟರು. ನನ್ನ ವಿಷಯದವರು ಎಂಬ ಸಂಕಟದಿಂದ ಆ ಸುದ್ದಿಯನ್ನು ನಾನು ಬಿಡದೆ ಓದಿದೆ. ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆಯ ಹೆಸರು ಕಾಲೇಜಿಯೇಟ್ ಟೈಮ್ಸ್. ಮರುದಿನದ ಅಚ್ಚಿಗೆ ಕಾಯದೆ ಅವರು ವೆಬ್‌ಸೈಟಿನಲ್ಲಿ ಸುದ್ದಿ ಹಾಕುತ್ತಾ ಹೋದರು. ನೋಡುವವರ ನೂಕುನುಗ್ಗಲಿಗೆ ಅವರ ತಾಣ ಕುಸಿಯಿತು. ತಮ್ಮ ಮಾತೃಸಂಸ್ಥೆಯ ತಾಣಕ್ಕೆ ಸುದ್ದಿಯನ್ನು ಸಾಗಿಸಿ ಕೆಲಸ ಮುಂದುವರಿಸಿದರು. ತೀರಿಕೊಂಡವರ ಹೆಸರುಗಳನ್ನು, ಅವರೆಲ್ಲ ತಮ್ಮ ಗೆಳೆಯರು, ಮೇಷ್ಟ್ರುಗಳೇ ಆಗಿದ್ದರೂ, ಖಚಿತ ಮಾಡಿಕೊಂಡು ಹಾಕಿದರು. ಅದೇ ದಿನ ಶಿಕಾಗೋದ ದೊಡ್ಡ ಪತ್ರಿಕೆಯೊಂದರ ಅಂಕಣದಲ್ಲಿ, ಗುಂಡು ಹಾರಿಸಿದವನು ಚೀನಾದಿಂದ ವೀಸಾದ ಮೇಲೆ ಬಂದವನು ಎಂದು ಬಂತು. ಅದು ಸುಳ್ಳು. ಅವನು ದಕ್ಷಿಣ ಕೊರಿಯಾದಲ್ಲಿ ಹುಟ್ಟಿ, ಚಿಕ್ಕಂದಿನಿಂದ ಅಮೆರಿಕದಲ್ಲೇ ಬೆಳೆದವನು. ಅನುಭವಿಗಳು ಎಡವಿದ ದಿನ ಇಪ್ಪತ್ತರ ಆಸುಪಾಸಿನ ಹುಡುಗರು ಎಚ್ಚರದಿಂದಿದ್ದರು.

ಮಾಧ್ಯಮ ವೇಗವಾದಷ್ಟೂ ಪರಿಶೀಲನೆಯ ಹೊರೆ ಬರೆಯುವವನ ತಲೆಯ ಮೇಲೆ ಹೆಚ್ಚುತ್ತದೆ. ಅಚ್ಚಿನ ಕಾಲದಲ್ಲಿ ಮೊಳೆ ಜೋಡಿಸುವವನು, ಕರಡು ತಿದ್ದುವವನು ಎಂದು ನಾಲ್ಕು ಕಣ್ಣು ಹಾಯುತ್ತಿದ್ದವು. ಮೊಬೈಲಿನಲ್ಲಿ ಒಂದು ಬೆರಳು ಸಾಕು.

ಹೊಸ ಮಾಧ್ಯಮ ನಮ್ಮವರಿಗೆ ಹೊಸದಲ್ಲ. ಫ. ಗು. ಹಳಕಟ್ಟಿಯವರು ತಾಡೋಲೆಗಳಲ್ಲಿದ್ದ ವಚನಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಓಲೆಯಿಂದ ಅಚ್ಚಿಗೆ ದಾಟಿದ ಆ ಹೆಜ್ಜೆ ಇಲ್ಲದಿದ್ದರೆ ಇಂದು ಈ ಗೋಷ್ಠಿಯೂ ಇರುತ್ತಿರಲಿಲ್ಲ. ಆದ್ದರಿಂದ ‘ಆನ್‌ಲೈನ್ ಬೇಕೇ?’ ಎಂಬ ಚರ್ಚೆಗೆ ನಾನು ಸಮಯ ಕಳೆಯುವುದಿಲ್ಲ. ಬೇಕು. ಕಷ್ಟದ ಪ್ರಶ್ನೆ ಬೇರೆ ಇದೆ, ಅದನ್ನು ಹಿರಿಯರ ಎದುರೇ ಕೇಳುತ್ತೇನೆ: ಆ ವೆಬ್‌ಸೈಟಿನ ಪಾಸ್‌ವರ್ಡ್ ಯಾರ ಕೈಯಲ್ಲಿರುತ್ತದೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಸ್ಟ್ಯಾನ್‌ಫರ್ಡ್ ಡೈಲಿ 1973ರಲ್ಲೇ ವಿಶ್ವವಿದ್ಯಾಲಯದಿಂದ ಬೇರೆಯಾಗಿ ಸ್ವತಂತ್ರ ಸಂಸ್ಥೆಯಾಯಿತು. 2022ರ ನವೆಂಬರಿನಲ್ಲಿ ಥಿಯೋ ಬೇಕರ್ ಎಂಬ ಮೊದಲ ವರ್ಷದ ವಿದ್ಯಾರ್ಥಿ, ಅಧ್ಯಕ್ಷ ಮಾರ್ಕ್ ಟೆಸಿಯರ್-ಲವಿನ್ ಅವರ ಹೆಸರಿರುವ ಸಂಶೋಧನಾ ಲೇಖನಗಳಲ್ಲಿ ಚಿತ್ರಗಳನ್ನು ತಿದ್ದಿರುವಂತಿದೆ ಎಂದು ಅದರಲ್ಲಿ ಬರೆದ. ತಾನೇ ತೀರ್ಪು ಕೊಡಲಿಲ್ಲ. ಚಿತ್ರಗಳನ್ನು ತಜ್ಞರಿಗೆ ತೋರಿಸಿದ. ವಿಶ್ವವಿದ್ಯಾಲಯವೇ ತನಿಖೆ ಮಾಡಿಸಿತು. ಅಧ್ಯಕ್ಷರು ಖುದ್ದಾಗಿ ವಂಚಿಸಿಲ್ಲ, ಆದರೆ ಲೇಖನಗಳಲ್ಲಿ ಗಂಭೀರ ದೋಷಗಳಿವೆ, ಅವನ್ನು ಸರಿಪಡಿಸಲು ಅವರು ಸಾಕಷ್ಟು ಮುಂದಾಗಲಿಲ್ಲ ಎಂದು ವರದಿ ಬಂತು. 2023ರ ಜುಲೈನಲ್ಲಿ ಅವರು ಸ್ಥಾನ ಬಿಡುವುದಾಗಿ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ಇದರಿಂದ ಮುಳುಗಲಿಲ್ಲ.

ನಮ್ಮ ಸಂಸ್ಥೆಗಳಲ್ಲಿ ವಾರ್ಷಿಕ ಸಂಚಿಕೆ ಹೇಗಿರುತ್ತದೆ? ಮೊದಲು ಆಶೀರ್ವಚನ, ಆಮೇಲೆ ಸಂದೇಶಗಳು, ಎಂಟು ಪುಟ ಬಣ್ಣದ ಫೋಟೋ, ಕೊನೆಗೆ ಹುಡುಗರ ಕವಿತೆ. ಒಂದೇ ಒಂದು ಸುದ್ದಿ ಇರುವುದಿಲ್ಲ. ಅದನ್ನೇ ವೆಬ್‌ಸೈಟಿಗೆ ಏರಿಸಿ, ರಥೋತ್ಸವದ ಡ್ರೋನ್ ವಿಡಿಯೋ ಸೇರಿಸಿದರೆ ಅದು ಪತ್ರಿಕೆ ಆಗುವುದಿಲ್ಲ, ಬಣ್ಣದ ನೋಟಿಸ್ ಬೋರ್ಡ್ ಆಗುತ್ತದೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಎದುರು ಅಕ್ಕ ಉತ್ತರಿಸಿದಳು, ಆ ಸಂವಾದದ ವಾರಸುದಾರರು ನಾವು ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ಹಾಸ್ಟೆಲಿನ ಹುಡುಗಿ ಸಾರಿನ ಬಗ್ಗೆ ಕೇಳಿದರೆ ಮಾತ್ರ ಅವಳ ತಂದೆಗೆ ಫೋನ್ ಹೋಗುತ್ತದೆ.

ಹುಡುಗರಿಗೂ ಒಂದು ಮಾತಿದೆ. ನಮ್ಮ ಇಲಾಖೆಯಲ್ಲಿ ಎಂ.ಬಿ. ಎಂದು ಅಳತೆ ಪುಸ್ತಕ ಇರುತ್ತದೆ. ಸ್ಥಳಕ್ಕೆ ಹೋಗಿ ಅಳೆದವನೇ ಅದರಲ್ಲಿ ಬರೆಯಬೇಕು. ಅಂಕಿ ತಪ್ಪಾದರೆ ಅಳಿಸುವ ಹಾಗಿಲ್ಲ. ಹಳೆಯದು ಕಾಣುವಂತೆ ಗೀಟು ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಮೇಲಿನವರು ಮತ್ತೆ ಅಳೆದು ನೋಡುತ್ತಾರೆ. ವೆಬ್‌ಸೈಟಿನಲ್ಲಿ ಗುಟ್ಟಾಗಿ ತಿದ್ದಿಬಿಡುವುದು ಸುಲಭ, ಯಾರಿಗೂ ಗೊತ್ತಾಗುವುದಿಲ್ಲ. ನೀವು ಹಾಗೆ ಮಾಡಬೇಡಿ. ಯಾವ ದಿನ, ಏನು ತಿದ್ದಿದಿರಿ ಎಂದು ಕೆಳಗೆ ಬರೆಯಿರಿ. ವಿಡಿಯೋ ಮಾಡುವಾಗ ಎದುರಿಗಿದ್ದವರ ಒಪ್ಪಿಗೆ ಕೇಳಿ. ಅಪಘಾತದಲ್ಲಿ ಬಿದ್ದವರ ಮುಖ ತೋರಿಸಬೇಡಿ, ಮೊದಲು ಎತ್ತಿ. ಯಾರ ಮೇಲೆ ದೂರು ಬರೆಯುತ್ತೀರೋ ಅವರ ಉತ್ತರವನ್ನೂ ಪಡೆದು ಹಾಕಿ, ಅವರು ಪ್ರಾಂಶುಪಾಲರಾಗಿರಲಿ, ಅಡುಗೆಯವರಾಗಿರಲಿ.

ನನ್ನ ಸಲಹೆ ಇಷ್ಟು. ಪಾಸ್‌ವರ್ಡ್ ವಿದ್ಯಾರ್ಥಿ ಸಂಪಾದಕ ಮಂಡಳಿಯ ಬಳಿ ಇರಲಿ. ಒಬ್ಬರು ಅಧ್ಯಾಪಕರು ಮಾರ್ಗದರ್ಶನ ಮಾಡಲಿ, ಆದರೆ ಪ್ರಕಟಣೆ ತಡೆಯುವ ಅಧಿಕಾರ ಅವರಿಗೆ ಬೇಡ. ಮೊದಲ ವರದಿ ನಮ್ಮ ಹಾಸ್ಟೆಲಿನ ಕುಡಿಯುವ ನೀರಿನ ಬಗ್ಗೆಯೇ ಆಗಲಿ. ಬೋರ್‌ವೆಲ್ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದ ಕಡೆ 1.5ರವರೆಗೆ ಒಪ್ಪುತ್ತಾರೆ. ವರದಿ ಓದುವುದನ್ನು ನಾನು ಕಲಿಸಿಕೊಡುತ್ತೇನೆ, ವಾರಕ್ಕೆ ಒಂದು ದಿನ ಬರುತ್ತೇನೆ. ಅಂಕಿ ಏನೇ ಬಂದರೂ ಅದನ್ನು ಹಾಗೆಯೇ ಪ್ರಕಟಿಸಲು ಆಡಳಿತ ಮಂಡಳಿಯವರು ಮಾದರಿ ತೆಗೆಯುವ ಮೊದಲೇ ಒಪ್ಪಿಗೆ ಕೊಡಬೇಕು. ಇಂದೇ ಕೊಟ್ಟರೆ ಸೋಮವಾರ ಬಾಟಲಿ ತುಂಬಿಸೋಣ.